ಅಕ್ಕನಿಗೂ ಪ್ಲೇಟಿಗೂ ಒಂದೇ ಮದ್ದು

ಮಾರ್ಚ್ 3
ಬೆಳಿಗ್ಗೆ ಲ್ಯಾಬಿನಲ್ಲಿ ಕೋಶ ಬೆಳೆಸುವ ಪ್ಲೇಟುಗಳಿಗೆ ಮದ್ದು ಹಾಕಿದೆ. ಕಿಡ್ನಿಯ ಜೀವಕೋಶಗಳು, ಎಂದಿನವೇ. ಮಧ್ಯಾಹ್ನ ಆಸ್ಪತ್ರೆಗೆ. ಅಕ್ಕನ ಎರಡನೇ ಕೀಮೋ. ಬಾಟಲಿಯ ಮೇಲಿನ ಹೆಸರು ಓದಿದೆ. ನಮ್ಮ ಕಪಾಟಿನಲ್ಲಿರುವುದೂ ಅದೇ. ಗೊತ್ತಿದ್ದದ್ದೇ... ಆದರೂ ಕಣ್ಣು ಅಲ್ಲೇ ನಾಟಿತು.

"ನೀರು ಚೆನ್ನಾಗಿ ಕುಡೀಬೇಕಮ್ಮ, ಕಿಡ್ನಿಯಿಂದ ಮದ್ದು ತೊಳೆದುಹೋಗ್ಬೇಕು" ಎಂದಳು ನರ್ಸ್. ಅಕ್ಕ ನಕ್ಕಳು. "ಬಸ್ ಓಡ್ಸೋಳಿಗೆ ನೀರು ಕುಡಿ ಅಂದ್ರೆ? ರೂಟಲ್ಲಿ ಬಾತ್‌ರೂಮ್ ಎಲ್ಲಿದೆ? ಬಾಯಾರಿಕೆ ಅನ್ನೋದೇ ಮರ್ತುಹೋಗಿದೆ."

ಮಾರ್ಚ್ 4
ನಿನ್ನೆ ಕೋಶಗಳು ನೆಲಕ್ಕೆ ಕಲ್ಲು ಹಾಸಿದ ಹಾಗೆ ಒತ್ತೊತ್ತಾಗಿ ಕೂತಿದ್ದವು. ಇವತ್ತು ಮುದುಡಿ, ತಳ ಬಿಟ್ಟು ತೇಲುತ್ತಿವೆ. ರಕ್ತದ ಕಸ ತೆಗೆಯುವುದು ಅವುಗಳ ಕೆಲಸ. ಆ ಭರದಲ್ಲಿ ಮದ್ದನ್ನೂ ಒಳಗೆಳೆದುಕೊಳ್ಳುತ್ತವೆ. ಹೊರಗೆ ದಬ್ಬುವಷ್ಟರಲ್ಲಿ ಒಳಗೆ ಗುಡ್ಡೆಯಾಗಿರುತ್ತದೆ — ಡಿಎನ್‌ಎಗೆ ಅಂಟುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಭಾಗಗಳನ್ನು ಕೆಡಿಸುತ್ತದೆ. ಎಷ್ಟು ಮೀಟಿಂಗುಗಳಲ್ಲಿ ಇದನ್ನು ವಿವರಿಸಿದ್ದೇನೋ. ಇವತ್ತು ಟಿಪ್ಪಣಿ ಅರ್ಧಕ್ಕೇ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ, ನೀರು ಕುಡಿದೆಯಾ ಎಂದು.

ಮಾರ್ಚ್ 12
ಅಕ್ಕನಿಗೆ ವಾಂತಿ. ಕುಡಿದರೆ ಹೆಚ್ಚಾಗುತ್ತದೆಂದು ನೀರನ್ನೇ ಬಿಟ್ಟಿದ್ದಾಳೆ. ಬಾಟಲಿಯ ನೀರನ್ನು ಬಾಲ್ಕನಿಯ ಗಿಡಕ್ಕೆ ಸುರಿಯುವಾಗ ಸಿಕ್ಕಿಬಿದ್ದಳು. ಕೂಗಾಡಿದೆ. ಆಮೇಲೆ ಅವಳ ತುಟಿ ನೋಡಿದೆ. ಒಣಗಿ ಬಿರುಕುಬಿಟ್ಟಿದೆ.

ಮಾರ್ಚ್ 13, ಸಂಜೆ
ರಕ್ತದ ರಿಪೋರ್ಟು. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ದುಪ್ಪಟ್ಟಾಗಿದೆ. ಕಿಡ್ನಿ ಸೋಲುತ್ತಿದೆ.

ಡಾಕ್ಟರಮ್ಮ ಅಂದರು, "ಈ ಮದ್ದು ನಿಲ್ಲಿಸ್ಬೇಕು. ಬೇರೆ ಒಂದಿದೆ, ಕಿಡ್ನಿಗೆ ಅಷ್ಟು ಹೊಡೆಯಲ್ಲ. ಆದ್ರೆ ಗೆಡ್ಡೆ ಇಷ್ಟೇ ಚೆನ್ನಾಗಿ ಕರಗತ್ತೆ ಅಂತ ಮಾತು ಕೊಡಲಾರೆ."

"ಕರಗ್ತಿದೆ ತಾನೇ? ಇದನ್ನೇ ಕೊಡಿ. ಕಿಡ್ನಿ ಎರಡಿದೆಯಲ್ಲ" ಎಂದಳು ಅಕ್ಕ.

ಡಾಕ್ಟರಮ್ಮ ನಗಲಿಲ್ಲ. "ಮದ್ದು ಎರಡಕ್ಕೂ ಹೋಗತ್ತಮ್ಮ."

ಅಕ್ಕ ಯೋಚಿಸಿ ಹೇಳುತ್ತೇನೆಂದಳು.

ಮಾರ್ಚ್ 19
ಲ್ಯಾಬಿನಲ್ಲಿ ಸಂಭ್ರಮ. ನಾವು 'ಕಾವಲುಗಾರ' ಎಂದು ಕರೆಯುವ ಹೊಸ ರಾಸಾಯನಿಕ ಕೆಲಸ ಮಾಡಿದೆ. ಮದ್ದಿನ ಜೊತೆ ಅದನ್ನೂ ಹಾಕಿದ ಪ್ಲೇಟಿನಲ್ಲಿ ಕಿಡ್ನಿ ಕೋಶಗಳು ಬದುಕಿವೆ! ಬಾಯಿ ತಡೆಯಲಿಲ್ಲ. ಅಕ್ಕನಿಗೆ ಹೇಳಿಬಿಟ್ಟೆ.

"ಮತ್ತಿನ್ನೇನು, ತಗೊಂಡು ಬಾ."

"ಮನುಷ್ಯರಿಗೆ ಇನ್ನೂ ಕೊಟ್ಟಿಲ್ಲ ಅಕ್ಕ."

"ನಾನೇನು ಮನುಷ್ಯರ ಥರ ಕಾಣ್ತಿದ್ದೀನಾ ಈಗ?"

ಕದಿಯುವ ಯೋಚನೆ ಬಂತು. ಹೌದು, ಬಂತು.

ಮಾರ್ಚ್ 26
ಗೆಡ್ಡೆಯ ಕೋಶಗಳ ಪ್ಲೇಟು ನೋಡಿದೆ. ಅದೇ ಮದ್ದು, ಅದೇ ಕಾವಲುಗಾರ. ಅವೂ ಬದುಕಿವೆ. ದಷ್ಟಪುಷ್ಟವಾಗಿ. ಕಾವಲುಗಾರನಿಗೆ ಮನೆಯವರು ಯಾರು, ಕಳ್ಳ ಯಾರು ಗೊತ್ತಾಗಲಿಲ್ಲ. ಕದ್ದು ತಂದಿದ್ದರೆ... ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಮಾರ್ಚ್ 27
ಅಕ್ಕನಿಗೆ ಹೇಳಿದೆ. "ಹೋಗ್ಲಿ ಬಿಡು. ನಿಂಗೆ ತುಂಬ ಬೇಜಾರಾಯ್ತಾ?" — ಕೇಳಿದ್ದು ಅವಳು. ನನ್ನನ್ನು.

ಡಾಕ್ಟರಮ್ಮನಿಗೆ ತಾನೇ ಫೋನ್ ಮಾಡಿದಳು. "ಬೇರೆ ಮದ್ದೇ ಹಾಕಿ. ಇರೋಷ್ಟು ದಿನ ನನ್ನ ಕಾಲ ಮೇಲೆ ನಾನು ಓಡಾಡ್ಬೇಕು. ಡಯಾಲಿಸಿಸ್ ಮೆಷಿನ್‌ಗೆ ಕಟ್ಟಿಹಾಕಿಸ್ಕೊಂಡು ಅಲ್ಲ."

ಜೂನ್ 8
ಬರೆಯಲು ಮನಸ್ಸಾಗಿರಲಿಲ್ಲ. ಹೊಸ ಮದ್ದಿನ ಸುತ್ತು ಮುಗಿಯಿತು. ಕ್ರಿಯಾಟಿನಿನ್ ಇಳಿದಿದೆ, ಮೊದಲಿನ ಮಟ್ಟಕ್ಕಲ್ಲ. ಸತ್ತ ಕೋಶಗಳ ಜಾಗದಲ್ಲಿ ಒಂದಷ್ಟು ಹೊಸವು ಹುಟ್ಟಿರಬೇಕು, ಉಳಿದ ಕಡೆ ಗಾಯದ ಕಲೆ. ಅದು ಹೋಗುವುದಿಲ್ಲ. ಗೆಡ್ಡೆ ಇನ್ನಷ್ಟು ಕರಗಿಲ್ಲ. ಬೆಳೆದೂ ಇಲ್ಲ. ಡಿಪೋದಲ್ಲಿ ಅಕ್ಕನಿಗೆ ಹೊಸಬರಿಗೆ ಕಲಿಸುವ ಕೆಲಸ ಕೊಟ್ಟಿದ್ದಾರೆ. ಮೊದಲ ದಿನವೇ ಗದರಿ ಒಬ್ಬನನ್ನು ಅಳಿಸಿದಳಂತೆ.

ಜೂನ್ 9, ಬೆಳಿಗ್ಗೆ 9
ಹೊರಡುವಾಗ ಅಕ್ಕ ಕೇಳಿದಳು, "ನಿನ್ನ ಪ್ಲೇಟಲ್ಲಿರೋದು ಯಾರ ಕಿಡ್ನಿ?"

"ಯಾರದ್ದೋ. ತುಂಬ ಹಿಂದೆ ತೆಗೆದ ಕೋಶ, ಅದನ್ನೇ ಬೆಳೆಸ್ತಾ ಬಂದಿದ್ದಾರೆ. ಹೆಸರು ಗೊತ್ತಿಲ್ಲ."

"ಪಾಪ" ಎಂದಳು. ಬೂಟಿನ ದಾರ ಬಿಗಿದು ಹೊರಟೇಹೋದಳು.

ಈಗ ಲ್ಯಾಬಿನಲ್ಲಿದ್ದೇನೆ. ಪ್ಲೇಟು ಮುಂದಿದೆ, ಕೋಶಗಳು ಒತ್ತೊತ್ತಾಗಿ ಕೂತಿವೆ. ಮದ್ದು ಹಾಕಬೇಕು. ಬಾಸ್ ಎರಡು ಸಲ ಇಣುಕಿ ನೋಡಿ ಹೋದರು. ಹಾಕುತ್ತೇನೆ. ಒಂದು ನಿಮಿಷ —