ಪುಟ್ಟಸ್ವಾಮಿಯ ಬೇಲಿಯ ತುಂಬೆ

ಹಾರಂಗಿ ರಸ್ತೆ, ಕುಶಾಲನಗರ
೯-೧೧-೨೦೨೪

ಪ್ರೀತಿಯ ಮಗಳಂಥ ಸೊಸೆ ಕಾವ್ಯಶ್ರೀಗೆ,

ಹಾರಂಗಿಯಿಂದ ಕೊಡ್ಲಿಪೇಟೆಯವರೆಗೆ ಚಿಟ್ಟೆಯನ್ನು ಹೆಸರು ಹಿಡಿದು ಕರೆದು ಅಂಗೈ ಮೇಲೆ ಕೂರಿಸಿಕೊಳ್ಳಬಲ್ಲ ಒಬ್ಬನೇ ಮನುಷ್ಯನಾದ ನಿನ್ನ ಸೋದರಮಾವನ ಆಶೀರ್ವಾದಗಳು. ಆರೋಗ್ಯವೇ? ತಿತಿಮತಿಯ ಚಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಕಿರುಚಿ ಪಾಠ ಮಾಡಬೇಡ. ನಿಮ್ಮಮ್ಮನ ಗಂಟಲು ನಿನಗೆ ಬಂದಿದೆ, ಮೆಲ್ಲಗೆ ಹೇಳಿದರೂ ಪಕ್ಕದ ಊರಿಗೆ ಕೇಳುತ್ತದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಮೂವತ್ತನೇ ತಾರೀಕು ನಿನ್ನ ಶಾಲೆಯ ಮಕ್ಕಳು ನಮ್ಮ ಹಿತ್ತಿಲಿಗೆ ಚಿಟ್ಟೆ ನೋಡಲು ಬರುವುದನ್ನು ನಾನು ಮರೆತಿಲ್ಲ. ಮಳೆ ಹಿಡಿಯುವ ಮುಂಚೆ ನೀನು ತುಂಬೆ, ಕೇಪಳ, ಗಿಲಿಗಿಚ್ಚಿ ನೆಟ್ಟು, 'ಮಾವ, ಇವು ಇಲ್ಲಿನ ಗಿಡಗಳು, ಇವುಗಳ ಮಕರಂದ ಚಿಟ್ಟೆಗೆ ಗೊತ್ತು, ಮುಟ್ಬೇಡಿ' ಎಂದು ಹೇಳಿ ಹೋಗಿದ್ದೆ. ಆದರೆ ಇಪ್ಪತ್ತಾರು ವರ್ಷ ಕಾಫಿ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದವನ ಕಣ್ಣು ಕೇಳಬೇಕಲ್ಲ. ಸಾಹುಕಾರರು ಬರುತ್ತಾರೆಂದರೆ ಕಳೆ ತೆಗೆಸಿ ನೆಲವನ್ನು ಕನ್ನಡಿ ಮಾಡಿಸಿದವನು ನಾನು. ಮಕ್ಕಳು ಬರುವುದೂ ನನಗೆ ಒಂದು ಇನ್ಸ್‌ಪೆಕ್ಷನ್ನೇ. ದಸರಾ ಮುಗಿದ ವಾರವೇ ಎಲ್ಲವನ್ನೂ ಕಿತ್ತು ಹಾಕಿ, ನರ್ಸರಿಯಿಂದ ಊಟದ ತಟ್ಟೆಯಷ್ಟು ಅಗಲದ ದಾಸವಾಳ, ಪದರದ ಮೇಲೆ ಪದರವಿರುವ ಚೆಂಡುಹೂ ತಂದು ದಾರ ಹಿಡಿದು ಸಾಲಾಗಿ ನೆಟ್ಟೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು.

ಚಿಟ್ಟೆ ಮಾತ್ರ ನಿಲ್ಲಲಿಲ್ಲ. ಬಂದವು, ಒಂದು ಸುತ್ತು ಹಾಕಿದವು, ಬೇಲಿ ದಾಟಿ ಪಕ್ಕದ ಪುಟ್ಟಸ್ವಾಮಿಯ ಹಿತ್ತಿಲಿಗೆ ಹೋದವು. ನಿನ್ನ ಅತ್ತೆ ಕಮಲ ಬಾಗಿಲಲ್ಲಿ ನಿಂತು, 'ನಮ್ಮನೇಲಿ ಪುಟ್ಟಸ್ವಾಮಿ ಮನೆ ದಾರಿ ಕೇಳ್ಕಂಡು ಹೋಗ್ತವೆ ಕಣ್ರೀ' ಎಂದಳು. ಒಂದು ಚೆಂಡುಹೂ ಬಿಡಿಸಿ ನೋಡಿದೆ: ಬರೀ ಎಸಳು, ಚಿಟ್ಟೆ ನಾಲಿಗೆ ಇಳಿಸಲು ಸಂದೇ ಇಲ್ಲ. ಹತ್ತು ವರ್ಷದಿಂದ ಕತ್ತಿ ಕಾಣದ ಆ ಸೋಮಾರಿಯ ಬೇಲಿಯಲ್ಲಿ ತುಂಬೆ ಮೊಣಕಾಲುದ್ದ ಬೆಳೆದು, ಬೆಳ್ಳಗೆ ಹೂ ಬಿಟ್ಟಿತ್ತು. ಅವನ ಸೋಮಾರಿತನವನ್ನು ಬೀದಿಗೆಲ್ಲ ಸಾರಿದವನು ನಾನೇ. ಆದರೂ ಹೋದೆ. 'ಏನ್ ರೈಟ್ರೇ, ಕಳೆ ಬೇಕಾ? ಬಾಯ್ಬಿಟ್ಟು ಒಂದ್ಸಲ ಕೇಳಿ, ಕೊಡ್ತೀನಿ' ಎಂದ. ನಿನ್ನ ಮಕ್ಕಳಿಗಾಗಿ ಬಾಯಿಬಿಟ್ಟು ಕೇಳಿದೆ. ಬೇರಿನ ಮಣ್ಣು ಉದುರದಂತೆ ಎರಡು ಬುಟ್ಟಿ ತುಂಬೆ, ನಾಲ್ಕು ಕೇಪಳ ತಂದು ನೆಟ್ಟಾಯಿತು. ಇವತ್ತು ಬೆಳಿಗ್ಗೆ ಹನ್ನೊಂದು ಚಿಟ್ಟೆ. ಅದರಲ್ಲಿ ಕೆಲವು ಪುಟ್ಟಸ್ವಾಮಿಯವು ಇರಬಹುದು, ನಾನು ಕೇಳಲು ಹೋಗಲಿಲ್ಲ. ಮೂವತ್ತಕ್ಕೆ ಮಕ್ಕಳು ಬಿಟ್ಟ ಬಾಯಿ ಮುಚ್ಚದೆ ನೋಡುತ್ತಾರೆ, ಇದು ನನ್ನ ಮಾತು.

ನೀನು ನೆಟ್ಟದ್ದೆಲ್ಲ ಚಿಗುರಲಿ, ನನ್ನಂಥವರ ಕೈಗೆ ಸಿಗದಿರಲಿ ಎಂದು ಹರಸುವ

ನಿನ್ನ ಮಾವ
ಜಯಪ್ಪ

ಬರೆಯಲು ಬಿಟ್ಟುಹೋಗಿತ್ತು: ಬಸ್ಸಿನವನಿಗೆ ಮುಂಗಡ ಕೊಟ್ಟಾಯಿತೇ ಎಂದು ಕೇಳಿದ್ದೆಯಲ್ಲ, ಕೊಟ್ಟಿಲ್ಲ. ಬಸ್ಸಿಗೆಂದು ನೀನು ಕೊಟ್ಟುಹೋದ ದುಡ್ಡಿನ ಕವರೇ ನರ್ಸರಿಗೆ ಹೋಯಿತು. ನನ್ನ ಮೊಪೆಡ್ ಮಾರಿಸಿಕೊಡಲು ಗ್ಯಾರೇಜಿನ ಲೋಕೇಶನಿಗೆ ಹೇಳಿದ್ದೇನೆ; ಬಸ್ ಬಂದೇ ಬರುತ್ತದೆ, ಮಕ್ಕಳಿಗೆ ಬೇಡ ಎನ್ನಬೇಡ. ಅತ್ತೆಗೆ ನರ್ಸರಿ ಖರ್ಚು ಎಂಟುನೂರು ಎಂದಿದ್ದೇನೆ, ಕೇಳಿದರೆ ನೀನೂ ಹಾಗೇ ಹೇಳು. ಹೋದದ್ದು ಎಂಟು ಸಾವಿರದ ನಾನೂರು.