ಗೇಟು ದಾಟದ ಕೆಂಚಿ

ಮಾರ್ಚ್ ೧೭
ಮನೆಯಿಂದ

ನನ್ನ ಅಕ್ಕನಿಗೆ,

ಚೆನ್ನಾಗಿದ್ದೀಯಾ? ಪಾಪು, ಭಾವ, ಕೊಟ್ಟಿಗೆ ತುಂಬ ಇರುವ ನಿಮ್ಮ ದನಗಳು, ಎಲ್ಲ ಕ್ಷೇಮವೇ? ಇಷ್ಟು ದಿನ ಬರೆಯದಿದ್ದುದಕ್ಕೆ ಬೈದುಬಿಡು, ಬೈಸಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳಿದ್ದರೆ ನೀನು ನಡುವೆಯೇ ಅಳುತ್ತಿದ್ದೆ, ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಕಾಗದವಾದರೆ ಕೊನೆಯವರೆಗೂ ಓದುತ್ತೀ.

ಮೊದಲು ಒಳ್ಳೆಯ ಸುದ್ದಿ. ಶಾಲೆ ಬಿಟ್ಟ ಮೇಲೆ ನಾನು ಯಾವ ಕೆಲಸದಲ್ಲೂ ನೆಲೆ ನಿಲ್ಲಲಿಲ್ಲ ಅಂತ ಆಡಿಕೊಳ್ಳುತ್ತಿದ್ದೆಯಲ್ಲ, ಈಗ ನಿಂತಿದ್ದೇನೆ. ಕಾಲುಬಾಯಿ ಜ್ವರ ಕಾಣಿಸಿದಾಗಿನಿಂದ ನಮ್ಮ ಸುತ್ತಿನ ಊರುಗಳಿಂದ ದನ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ ಎಂದು ಕಾನೂನು. ಸೇತುವೆ ಹತ್ತಿರದ ಗೇಟಿಗೆ ನಾನೇ ಕಾವಲು. ಪ್ರತಿ ಗಾಡಿಯ ಚಕ್ರವೂ ಔಷಧಿ ನೀರಿನ ತೊಟ್ಟಿಯಲ್ಲಿ ಮುಳುಗಿಯೇ ಮುಂದೆ ಹೋಗಬೇಕು. ಹಾಲಿನ ವ್ಯಾನಿನವನು, "ಏನಮ್ಮಾ, ಚಕ್ರಕ್ಕೆ ದಿನಾ ಸ್ನಾನ, ನನಗೆ ವಾರಕ್ಕೊಂದೇ ಸಲ" ಎಂದು ಗೊಣಗುತ್ತಾನೆ. "ಅದು ವಾಸನೆಯಲ್ಲೇ ಗೊತ್ತಾಗುತ್ತೆ, ಇಳಿದು ಬೂಟು ಉಜ್ಜಿ" ಅನ್ನುತ್ತೇನೆ.

ಆದರೆ ಅಕ್ಕಾ, ಎಲ್ಲರಿಗಿಂತ ಮೊದಲು ಕಾನೂನು ಮುರಿಯಲು ಬಂದವನು ನಮ್ಮಪ್ಪ. ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಹಸು ಕೆಂಚಿಯನ್ನು ಟೆಂಪೋಗೆ ಹತ್ತಿಸಿಕೊಂಡು ಬಂದಿದ್ದ. ಪಾಪು ಹುಟ್ಟಿದರೆ ಕೆಂಚಿಯನ್ನು ನಿನ್ನ ಮನೆಗೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದನಲ್ಲ.

"ಗೇಟ್ ತೆಗಿ."

"ಆಗಲ್ಲಪ್ಪಾ."

"ಹಸು ಗಟ್ಟಿಮುಟ್ಟಾಗಿದೆ. ಕಣ್ಣು ಕಾಣಲ್ವಾ ನಿಂಗೆ?"

"ರೋಗ ಒಳಗಿದ್ರೆ ಕಣ್ಣಿಗೆ ಕಾಣಲ್ಲ. ಅಕ್ಕನ ಕೊಟ್ಟಿಗೆಗೆ ಹತ್ತಿದ್ರೆ?"

"ಮಗಳು ಇದ್ದಾಳೆ ಅಂತ್ಲೇ ಈ ದಾರೀಲಿ ಬಂದೆ ಕಣೇ."

"ಅದಕ್ಕೇ ಬಿಡಲ್ಲ."

ಹಿಂದೆ ನಿಂತ ಗಾಡಿಗಳವರೆಲ್ಲ ಇಣುಕಿ ನೋಡುತ್ತಿದ್ದರು. ಅಪ್ಪ ಟೆಂಪೋ ತಿರುಗಿಸಿದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕೂತರೆ ಅಮ್ಮನಿಗೆ, "ಆ ಇನ್‌ಸ್ಪೆಕ್ಟರಮ್ಮನಿಗೆ ಬಡಿಸು" ಅನ್ನುತ್ತಾನೆ.

ಅದೇ ವಾರ ನಮ್ಮ ಮುದಿ ಹಸುವಿನ ಬಾಯಲ್ಲಿ ಹುಣ್ಣು ಕಾಣಿಸಿತು. ಪಶುವೈದ್ಯರಿಗೆ ಹೇಳಿಕಳಿಸಿದವಳೂ ನಾನೇ. ಒಂದಕ್ಕೆ ಬಂದರೆ ಆ ಕೊಟ್ಟಿಗೆಯಲ್ಲಿ ಒಂದನ್ನೂ ಜೀವಂತ ಉಳಿಸುವಂತಿಲ್ಲ, ಅದೂ ಕಾನೂನೇ. ಗುಂಡಿಯ ಕಡೆಗೆ ಬೇರೆಯವರು ಎಳೆದರೆ ಕೆಂಚಿ ಹೆಜ್ಜೆ ಕದಲಿಸಲಿಲ್ಲ. ಕೊನೆಗೆ ಹಗ್ಗ ನಾನೇ ಹಿಡಿದೆ. ಕಾಗದ ಇಷ್ಟು ತಡವಾದದ್ದು ಈ ಒಂದು ಸಾಲಿಗಾಗಿ.

ಆದರೂ ಎದೆಯುಬ್ಬಿಸಿಯೇ ಹೇಳುತ್ತೇನೆ: ನನ್ನ ಗೇಟು ದಾಟಿ ಒಂದು ದನಕ್ಕೂ ರೋಗ ಹೋಗಿಲ್ಲ. ನಿನ್ನ ಕೊಟ್ಟಿಗೆ ತುಂಬಿದೆ. ಅಪ್ಪ ನಾಳೆ ಮತ್ತೆ ಬಂದರೂ ತಡೆಯುತ್ತೇನೆ.

ಗೇಟು ತೆರೆದ ದಿನ ಬರುತ್ತೇನೆ, ಬೂಟು ಉಜ್ಜಿಕೊಂಡೇ. ಪಾಪುವಿಗೆ ಚಿಕ್ಕಮ್ಮನ ಆಶೀರ್ವಾದ: ಹಟದಲ್ಲಿ ನನ್ನ ಹಾಗಾಗಲಿ, ಓದಿನಲ್ಲಿ ನಿನ್ನ ಹಾಗಾಗಲಿ.

ನಿನ್ನ,
ಕಾಲಿಗೆ ಚಕ್ರ ಕಟ್ಟಿಕೊಂಡಿದ್ದ ತಂಗಿ

ಮತ್ತೆ: ಇದು ಮರೆತದ್ದಲ್ಲ, ಕೊನೆಗೆಂದು ದೂಡಿದ್ದು. ಕೆಂಚಿಗೆ ರೋಗ ಇರಲಿಲ್ಲವಂತೆ. ರಕ್ತಪರೀಕ್ಷೆಯಲ್ಲಿ ಗೊತ್ತಾಯಿತೆಂದು ವೈದ್ಯರು ಆಮೇಲೆ ಹೇಳಿದರು. ಅಂದು ಗೇಟು ದಾಟಲು ಬಿಟ್ಟಿದ್ದರೆ ಇವತ್ತು ನಿನ್ನ ಕೈಯಿಂದ ಹುಲ್ಲು ತಿನ್ನುತ್ತಿದ್ದಳು. ನನ್ನಿಂದ ಮುಚ್ಚಿಡಲಾಗಲಿಲ್ಲ, ಅಪ್ಪನಿಗೆ ಹೇಳಿದೆ. ಎದ್ದುಹೋದ. ಮಾರನೆಯ ಬೆಳಿಗ್ಗೆ ಗೇಟಿಗೆ ಹೋದರೆ ಅವನು ನನ್ನ ತೊಟ್ಟಿಗೆ ನೀರು ತುಂಬುತ್ತಿದ್ದ. ಕೈಯಲ್ಲಿದ್ದದ್ದು ಕೆಂಚಿ ನೀರು ಕುಡಿಯುತ್ತಿದ್ದ ಬಕೆಟ್ಟು. ನಾನು ಹೇಳದೆಯೇ ಅದನ್ನು ಔಷಧಿ ಹಾಕಿ ತೊಳೆದು ತಂದಿದ್ದ. ಮಾತು ಮಾತ್ರ ಇನ್ನೂ ಆಡಿಲ್ಲ.