ಹೆರಿಗೆ ಕೋಣೆಯನ್ನು ಮಹಡಿಗೆ ಹತ್ತಿಸಿದವರಿಗೆ

ಆರೋಗ್ಯ ಕೇಂದ್ರಗಳ ಕಟ್ಟಡದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಗುಬ್ಬಿ ತಾಲೂಕಿನ ನಮ್ಮೂರ ಹೊಸ ಆರೋಗ್ಯ ಕೇಂದ್ರದ ಸಭಾಂಗಣವನ್ನು ನಾವು ಹೆಂಗಸರು ಅತಿಕ್ರಮಿಸಿದ್ದೇವೆಂದು ತಮ್ಮ ಕಚೇರಿಯಿಂದ ನೋಟಿಸ್ ಬಂದಿದೆ. ಹೌದು, ಅತಿಕ್ರಮಿಸಿದ್ದೇವೆ. ಹೆರಿಗೆ ಮಂಚವನ್ನು ಮಹಡಿಯಿಂದ ಇಳಿಸಿ ಅಲ್ಲಿ ಹಾಕಿದವರಲ್ಲಿ ನಾನೂ ಒಬ್ಬಳು. ಯಾಕೆಂದು ತಾವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಆ ಕಟ್ಟಡದ ಎದುರಿಗೇ ನನ್ನ ಟೈಲರಿಂಗ್ ಅಂಗಡಿ. ಪಾಯ ತೆಗೆದಂದಿನಿಂದ ನೋಡುತ್ತಿದ್ದೇನೆ. ಮೊದಲ ನಕ್ಷೆಯಲ್ಲಿ ಹೆರಿಗೆ ಕೋಣೆ ಕೆಳಗೆ, ಮುಂಬಾಗಿಲ ಪಕ್ಕದಲ್ಲೇ ಇತ್ತು. ಗೋಡೆ ಎದೆಮಟ್ಟಕ್ಕೆ ಬಂದಾಗ ತಾವು ಬಂದಿರಿ. ಸಭೆ ನಡೆಸಲು ಕೆಳಗೊಂದು ದೊಡ್ಡ ಹಾಲ್ ಬೇಕೆಂದಿರಿ. ಗೋಡೆ ಬಿತ್ತು, ಹೆರಿಗೆ ಕೋಣೆ ಮಹಡಿಗೆ ಹೋಯಿತು. ಸ್ಟ್ರೆಚರ್ ಹೋಗಲು ರ‍್ಯಾಂಪ್ ಕಟ್ಟುತ್ತೇವೆಂದರು. ಅದರ ಕಂಬಗಳು ಎದ್ದ ಮೇಲೆ ತಾವು ಮತ್ತೆ ಬಂದಿರಿ. ಆ ಜಾಗದಲ್ಲಿ ಕಾರು ನಿಲ್ಲಲು ಪೋರ್ಟಿಕೊ ಆದರೆ ಶೋಭೆ ಎಂದಿರಿ. ರ‍್ಯಾಂಪ್ ಹೋಯಿತು. ಬದಲಿಗೆ ಲಿಫ್ಟ್ ಬರುತ್ತದೆ ಎಂದಿರಿ. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಈಗ ಸಿಮೆಂಟ್ ಚೀಲಗಳಿವೆ.

ಸೈಟ್ ಎಂಜಿನಿಯರ್ ಮೋಹನ್‌ಕುಮಾರ್ ಒಂದು ದಿನ ನನ್ನ ಅಂಗಡಿ ಮುಂದೆ ಟೀ ಕುಡಿಯುತ್ತಾ ನಿಂತಿದ್ದರು. "ಯಾಕಪ್ಪ, ಕಟ್ಟಿದ್ದನ್ನೇ ಒಡೀತಾ ಇದೀರ?" ಎಂದೆ.

"ಏನ್ಮಾಡ್ಲಿ ಅಕ್ಕ, ಬಾಯಲ್ಲಿ ಹೇಳ್ಬುಟ್ಟು ಹೋಯ್ತಾರೆ. ಮೆಟ್ಲಾದ್ರೂ ಅಗಲ ಮಾಡ್ತೀನಿ ಅಂದೆ. ಉದ್ಘಾಟ್ನೆ ಆಗ್ಲಿ, ಆಮೇಲ್ ನೋಡೋಣ ಅಂದ್ರು."

ಬದಲಾವಣೆಯೇ ತಪ್ಪೆನ್ನುವಷ್ಟು ದಡ್ಡಿಯಲ್ಲ ನಾನು. ಬಟ್ಟೆಗೆ ಕತ್ತರಿ ಹಾಕಿದ ಮೇಲೆ ತೋಳು ಉದ್ದ ಬೇಕೆನ್ನುವ ಗಿರಾಕಿಗಳು ನನಗೂ ಇದ್ದಾರೆ. ಆದರೆ ಅವರು ತಮ್ಮ ಮೈಗೇ ತೊಡುವ ರವಿಕೆಯ ಮಾತಾಡುತ್ತಾರೆ. ತಾವೇನು ಆ ಕಟ್ಟಡದಲ್ಲಿ ಹೆರಲು ಬರುತ್ತೀರಾ? ಹೆರಿಗೆ ಮಾಡಿಸುವ ನರ್ಸ್ ವನಜಮ್ಮನವರನ್ನಾದರೂ ಒಂದು ಮಾತು ಕೇಳಿದಿರಾ?

ಉದ್ಘಾಟನೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳು ದೀಪಿಕಾಳಿಗೆ ಒಂದು ಬೆಳಿಗ್ಗೆ ನೋವು ಶುರುವಾಯಿತು. ತುಮಕೂರಿನವರೆಗೆ ಹೋಗುವಷ್ಟು ಹೊತ್ತಿಲ್ಲ ಎಂದರು ವನಜಮ್ಮ. ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದೆವು. ಕುರ್ಚಿಯ ಕಾಲು ಮಡಚಿಕೊಂಡಿತು. ಕೊನೆಗೆ ತೋಳು ಹಿಡಿದು ನಡೆಸಿದೆವು.

"ಇನ್ನೊಂದ್ ನಾಕ್ ಮೆಟ್ಲು ಕಣವ್ವ," ಎಂದೆ.

"ಆಗಲ್ಲ ಅಮ್ಮ. ಇಲ್ಲೇ ಬುಟ್ಬುಡು ನನ್ನ."

ಆ ತಿರುವಿನಲ್ಲೇ ಕುಸಿದು ಕೂತಳು. ಅಲ್ಲೇ ಹೆತ್ತಳು. ಯಾರದೋ ಸೀರೆಯನ್ನು ಮರೆಗೆ ಹಿಡಿದು ನಾನು ನಿಂತಿದ್ದೆ. ಕೆಳಗಿನ ಮೆಟ್ಟಿಲ ಮೇಲೆ ಮಂಡಿಯೂರಿ ವನಜಮ್ಮ ಮಗುವನ್ನು ಹಿಡಿದುಕೊಂಡರು. ಔಷಧಿಗೆ ಸಾಲು ನಿಂತಿದ್ದವರು ಗೋಡೆಯ ಕಡೆ ಮುಖ ತಿರುಗಿಸಿದರು. ರಕ್ತ ನಿಲ್ಲದೆ ಆಂಬುಲೆನ್ಸಿನಲ್ಲಿ ತುಮಕೂರಿಗೆ ಓಡಿದೆವು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ದೀಪಿಕಾ ಇವತ್ತಿಗೂ ನನ್ನ ಅಂಗಡಿ ಕಡೆ ಬರುವುದಿಲ್ಲ. "ಅಷ್ಟ್ ಜನ ಇದ್ರಲ್ಲಮ್ಮ," ಎನ್ನುತ್ತಾಳೆ. ಮುಖ ತಿರುಗಿಸಿದ್ದರು ಕಣೇ ಎಂದರೂ ಅವಳಿಗೆ ಸಮಾಧಾನವಿಲ್ಲ. ನನಗೂ ಇಲ್ಲ. ಮಿಷನ್ ತುಳಿಯುತ್ತಾ ಕೂತರೆ ಕಣ್ಣು ಅತ್ತಲೇ ಹೋಗುತ್ತದೆ.

ಮಗಳನ್ನು ಮನೆಗೆ ಕರೆತಂದ ವಾರದಲ್ಲೇ ಊರ ಹೆಂಗಸರೆಲ್ಲ ಸೇರಿ ಮಂಚವನ್ನು ಬಿಚ್ಚಿ ಕೆಳಗಿಳಿಸಿದೆವು, ಪರದೆ ನಾನು ಹೊಲಿದೆ. ಅಲ್ಲಿಂದೀಚೆಗೆ ಅಲ್ಲಿ ಆದ ಹೆರಿಗೆಗಳೆಲ್ಲ ಸುಸೂತ್ರ. ಸಭಾಂಗಣದ ಬೀಗ ತೆಗೆದವರು ಯಾರೆಂದು ನೋಟಿಸಿನಲ್ಲಿ ಕೇಳಿದ್ದೀರಿ. ನಾನೇ ಎಂದು ಬರೆದುಕೊಳ್ಳಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಹೆರಿಗೆ ಕೋಣೆ ಕೆಳಗೇ ಇರಲಿ. ಅದಕ್ಕೆ ನೀರು, ಬಚ್ಚಲು ಮಾಡಿಸಿಕೊಡಿ. ಕುಣಿಗಲ್ ಕಡೆಯೂ ಇಂಥದೇ ಕಟ್ಟಡ ಏಳಲಿದೆಯಂತೆ. ಅಲ್ಲಿ ಪಾಯ ತೆಗೆಯುವ ಮುಂಚೆಯೇ ನರ್ಸುಗಳನ್ನೂ ಊರ ಹೆಂಗಸರನ್ನೂ ಕೂರಿಸಿ ಕೇಳಿ. ಆಮೇಲೂ ಬದಲಾಯಿಸಲೇಬೇಕೆನ್ನುವವರು ಕಾರಣ ಬರೆದು ಕೆಳಗೆ ಸಹಿ ಹಾಕಲಿ. ಬಾಯಿಮಾತಿಗೆ ಇನ್ನೊಂದು ಗೋಡೆ ಬೀಳುವುದು ಬೇಡ.

ಶುಕ್ರವಾರದ ಸಭೆಗೆ ಹಾಲ್ ಖಾಲಿ ಮಾಡಿ ಎಂದಿದ್ದೀರಿ. ನಮ್ಮ ಬೀದಿಯ ಹೇಮಶ್ರೀಗೆ ದಿನ ತುಂಬಿದೆ, ಖಾಲಿ ಮಾಡಲಾಗುವುದಿಲ್ಲ. ಮಹಡಿಯ ಕೋಣೆಯನ್ನು ಗುಡಿಸಿ ಕುರ್ಚಿ ಹಾಕಿಟ್ಟಿದ್ದೇವೆ. ತಾವು ಹತ್ತಿ ಬನ್ನಿ.

ಇಂತಿ,
ಮೆಟ್ಟಿಲ ಮೇಲೆ ಅಜ್ಜಿಯಾದವಳು,
ಗಂಗಾಂಬಿಕೆ